ನೆಲಮಾಳಿಗೆಯ ಕೀಲಿಕೈ

ಜನವರಿ 11, ಭಾನುವಾರ

ಹಾಲು ಕರೆದು ಮುಗಿಸಿ ನೇರ ಚರ್ಚಿಗೆ. ಕಲ್ಲಿದ್ದಲು ಒದ್ದೆಯಾಗಿತ್ತು, ಚರ್ಚು ಬೆಚ್ಚಗಿಡುವ ಒಲೆ ಹತ್ತಲು ಸತಾಯಿಸಿತು. ಕಣ್ಣೆಲ್ಲ ಉರಿ. ಆದರೂ ನೆಲಮಾಳಿಗೆಯ ಆ ಕೋಣೆಯಷ್ಟು ಸುಖ ಇನ್ನೆಲ್ಲೂ ಇಲ್ಲ ನನಗೆ. ಬಾಗಿಲು ಹಾಕಿಕೊಂಡರೆ ಯಾರೂ ಕರೆಯುವುದಿಲ್ಲ. ಕೀಲಿಕೈ ಇರುವುದು ನನ್ನೊಬ್ಬನ ಹತ್ತಿರ.

ಮೇಲೆ ಬಂದರೆ ಶುರು. ಬೆಂಚು ಅಲುಗಾಡುತ್ತೆ — ಎಲ್ವಿನ್‌ಗೆ ಹೇಳಿ. ಮೇಬಲಜ್ಜಿಯ ಹೊಗೆಕೊಳವೆ ಕಟ್ಟಿಕೊಂಡಿದೆ — ಎಲ್ವಿನ್‌ಗೆ ಹೇಳಿ. ಇಪ್ಪತ್ತು ವರ್ಷದಿಂದ ಇದೇ. ಇಲ್ಲ ಅನ್ನೋಕೆ ನನಗೆ ಬಾಯೇ ಬರಲ್ಲ. ನಗುನಗುತ್ತಾ ಹೋಗಿ ಮಾಡಿ ಬರುತ್ತೇನೆ, ಒಳಗೊಳಗೇ ಕುದಿಯುತ್ತೇನೆ.

ಇರಲಿ. ಏಪ್ರಿಲ್‌ವರೆಗೆ ತಾನೇ. ನ್ಯೂಯಾರ್ಕ್ ರಾಜ್ಯದ ಹಳ್ಳಿ ಕಡೆ, ನಮ್ಮ ಸಭೆಯವರ ಹೊಸ ನೆಲೆಯಲ್ಲಿ ಜಮೀನು ಮಾತಾಗಿದೆ. ಅಲ್ಲಿ ನಾನು ಯಾರೋ, ಯಾರಿಗೆ ಗೊತ್ತು? ನನ್ನ ಹಸು, ನನ್ನ ಹೊಲ, ನನ್ನ ಪಾಡು. ವರ್ನಾಗೆ ಮಾತ್ರ ಹೇಳಿದ್ದೇನೆ. ಆಲೂಗಡ್ಡೆ ಹೆಚ್ಚುತ್ತಿದ್ದಳು, "ನಿಂಗೆ ಸರಿ ಅನ್ನಿಸಿದ್ರೆ ಆಯ್ತು" ಅಂದಳು. ಅಷ್ಟೇ. ಎಂಥ ಹೆಂಡತಿ ನನ್ನದು. ಒಂದು ಎದುರು ಮಾತಿಲ್ಲ.

ಚರ್ಚಿನಿಂದ ಮನೆಗೆ ಹೊರಟಾಗ ವರ್ನಾ ಸಮಾಧಿಯ ಹತ್ತಿರ ನಿಂತೇ ಇದ್ದಳು, ರೋಡಾಳ ಕಲ್ಲಿನ ಮೇಲಿನ ಹಿಮ ಕೈಯಲ್ಲೇ ಒರೆಸುತ್ತಾ. ಮಗು ಹೋಗಿ ಆರು ವರ್ಷ. ಉಳಿದ ಮಕ್ಕಳು ಜೋಯೆಲ್, ಲೊರೆಟ್ಟಾ ಇಬ್ಬರೂ ಕಾರಿನಲ್ಲಿ ನಡುಗುತ್ತಿದ್ದರು. ಹಾರ್ನ್ ಹೊಡೆದೆ. ಬಂದಳು.

ಜನವರಿ 20, ಮಂಗಳವಾರ

ಬೋಧಕ ಏಮಸ್ ಶರ್ಕ್ ತೀರಿಕೊಂಡರು. ಒಳ್ಳೇ ಜೀವ. ನಲವತ್ತು ವರ್ಷ ಕಾಸು ಮುಟ್ಟದೆ ಪ್ರಸಂಗ ಮಾಡಿದರು, ಹಂದಿ ಸಾಕಿ ಬದುಕಿದರು.

ಮಣ್ಣು ಮಾಡಿ ಬಂದು ಊಟ. ಒಣದ್ರಾಕ್ಷಿ ಪೈ ತಿನ್ನುತ್ತಾ ಟೈಟಸ್ — ವರ್ನಾಳ ತಮ್ಮ — ಪಕ್ಕೆಗೆ ತಿವಿದ. "ಭಾವ, ಕರಿ ಕೋಟು ಇಸ್ತ್ರಿ ಮಾಡಿಸ್ಕೊಂಡಿರು. ಪುಸ್ತಕ ಎತ್ತೋ ದಿನ ಬಂತು." ಎಲ್ಲರೂ ನಕ್ಕರು. ನಾನೂ ನಕ್ಕೆ. ನಮ್ಮಲ್ಲಿ ಬೋಧಕನನ್ನು ಆರಿಸುವುದು ಹಾಗೇ, ಹೆಸರು ಬಂದವರು ಒಂದೊಂದು ಪುಸ್ತಕ ಎತ್ತಬೇಕು, ಯಾರದರೊಳಗೆ ಚೀಟಿ ಇದೆಯೋ ಅವನೇ ಬೋಧಕ.

ಛೇ, ನನ್ನ ಹೆಸರು ಯಾರು ಹೇಳುತ್ತಾರೆ? ನಾಲ್ಕು ಜನರ ಮುಂದೆ ನಿಂತರೆ ತೊದಲುವವನು ನಾನು.

ಫೆಬ್ರವರಿ 8, ಭಾನುವಾರ, ಮಧ್ಯಾಹ್ನ

ಹೊಸ ಬೋಧಕನಿಗಾಗಿ ಹೆಸರು ಹೇಳುವ ದಿನ. ಗಂಡಸರು ಮೊದಲು, ಆಮೇಲೆ ಹೆಂಗಸರು, ಸಾಲಾಗಿ ಪಕ್ಕದ ಕೋಣೆಯ ಬಾಗಿಲಿಗೆ. ಒಳಗೆ ಬಿಷಪ್ ಫ್ಯಾರಿಸಣ್ಣ ಕಿವಿ ಕೊಟ್ಟು ಕೂತಿರುತ್ತಾರೆ. ಒಬ್ಬರು ಒಂದು ಹೆಸರು, ಪಿಸುಮಾತಿನಲ್ಲಿ. ಯಾರ ಹೆಸರು ಹೇಳಿದೆ ಅಂತ ಗಂಡ ಹೆಂಡತಿಗೂ ಹೇಳಬಾರದು, ಹೆಂಡತಿ ಗಂಡನಿಗೂ. ಒಂದೇ ಒಂದು ದನಿ ಬಿದ್ದರೂ ಸಾಕು, ಪುಸ್ತಕ ಎತ್ತುವವರ ಸಾಲಿಗೆ ಸೇರಿದಂತೆ.

ನಾನು ಲಿಯಾನ್ ಬ್ರೂಬೇಕರ್ ಅಂದೆ. ಚೆನ್ನಾಗಿ ಮಾತಾಡುತ್ತಾನೆ.

ಫ್ಯಾರಿಸಣ್ಣ ಹೊರಗೆ ಬಂದು ಓದಿದರು. ಲಿಯಾನ್ ಬ್ರೂಬೇಕರ್. ಐವನ್ ಹೋರ್ಸ್ಟ್. ಎಲ್ವಿನ್ ಸೆನ್ಸೆನಿಗ್.

ಒಲ್ಲೆ ಅನ್ನುವಂತಿಲ್ಲ. ಕರೆ ಬಂದರೆ ತಲೆಬಾಗುತ್ತೇನೆ ಅಂತ ದೀಕ್ಷಾಸ್ನಾನದ ದಿನವೇ ಮಾತು ಕೊಟ್ಟಾಗಿದೆ, ಹದಿನೇಳನೇ ವಯಸ್ಸಿನಲ್ಲಿ. ಹದಿನೇಳಕ್ಕೆ ಏನು ಗೊತ್ತಿತ್ತು ನನಗೆ?

ಫೆಬ್ರವರಿ 10

ಯಾರು? ಯಾರು ಹೇಳಿದ್ದು?

ಮೇಬಲಜ್ಜಿ ಇರಬೇಕು. ಹೊಗೆಕೊಳವೆ ಚೊಕ್ಕ ಮಾಡಿಕೊಟ್ಟ ಋಣ. ಇಲ್ಲಾ ಟೈಟಸ್, ತಮಾಷೆಗೆ. ಅಂಗಡಿಯಲ್ಲಿ, ಹಾಲಿನ ಲಾರಿಯ ಹತ್ತಿರ, ಎದುರು ಬಂದವರ ಮುಖವನ್ನೆಲ್ಲ ಕಳ್ಳನನ್ನು ನೋಡಿದಂತೆ ನೋಡಿದೆ. ನಾಚಿಕೆಯಾಗಬೇಕು. ಆಗಲಿಲ್ಲ.

ಚೀಟಿ ಬಿದ್ದರೆ ಇಲ್ಲಿಂದ ಕದಲುವಂತಿಲ್ಲ. ಸಾಯುವವರೆಗೆ ಈ ಮಂದೆ, ಈ ಪೀಠ. ನ್ಯೂಯಾರ್ಕಿನ ಮಾತು ಅಲ್ಲಿಗೆ ಮುಗಿಯಿತು.

ವರ್ನಾ ನನ್ನ ಕೋಟಿಗೆ ಇಸ್ತ್ರಿ ಹಾಕಿದಳು. ಸ್ವಲ್ಪ ಹೊತ್ತು ಬಿಟ್ಟು ಅದಕ್ಕೇ ಮತ್ತೆ ಹಾಕಿದಳು. ಪಾಪ, ನನಗಿಂತ ಅವಳೇ ಹೆದರಿದ್ದಾಳೆ.

ಫೆಬ್ರವರಿ 12, ಗುರುವಾರ

ಮೇಜಿನ ಮೇಲೆ ಮೂರು ಹಾಡಿನ ಪುಸ್ತಕ, ಮೂರಕ್ಕೂ ರಬ್ಬರ್ ಬ್ಯಾಂಡ್. ಒಂದರೊಳಗೆ ಚೀಟಿ. ಅವುಗಳ ಬೆನ್ನಿಗೆ ಅಂಟು ಹಾಕಿ ರಿಪೇರಿ ಮಾಡಿದವನು ನಾನೇ.

ಹಿರಿಯ ನಾನು, ಮೊದಲ ಸರದಿ ನನ್ನದು. ನಡುವಿನದು ತೆಗೆದುಕೊಂಡೆ. ಐವನ್ ಎಡಗಡೆಯದು. ಲಿಯಾನ್ ಉಳಿದದ್ದು.

ಫ್ಯಾರಿಸಣ್ಣ ನನ್ನ ಪುಸ್ತಕ ಬಿಚ್ಚಿದರು. ಚೀಟಿ ಇತ್ತು.

ಅಲ್ಲೇ ಎಬ್ಬಿಸಿ ನಿಲ್ಲಿಸಿದರು, ಇನ್ನು ನೀನೇ ಬೋಧಕ ಅಂತ ಕೆನ್ನೆಗೆ ಮುತ್ತಿಟ್ಟರು. ಹೆಂಗಸರ ಕಡೆಯಿಂದ ಒಂದು ಬಿಕ್ಕು ಕೇಳಿಸಿತು. ವರ್ನಾಳದೇ, ತಿರುಗಿ ನೋಡಬೇಕಾಗಿರಲಿಲ್ಲ. ನನಗೋಸ್ಕರ ಅಳುವವಳು ಒಬ್ಬಳಾದರೂ ಇದ್ದಾಳಲ್ಲ ಅಂದುಕೊಂಡೆ. ಮನಸ್ಸು ಸ್ವಲ್ಪ ತಣ್ಣಗಾಯಿತು.

ಫೆಬ್ರವರಿ 25, ಬುಧವಾರ

ಏನೂ ಬರೆಯಲಾಗಲಿಲ್ಲ ಇಷ್ಟು ದಿನ.

ನ್ಯೂಯಾರ್ಕಿಗೆ ಫೋನ್ ಮಾಡಿ ಬರಲ್ಲ, ಇಲ್ಲೇ ಬೋಧಕನಾದೆ ಅಂದೆ. ಆ ಕಡೆಯವರು ಖುಷಿಯಿಂದ ದೇವರಿಗೆ ಸ್ತೋತ್ರ ಅಂದರು. ಎಲ್ಲರೂ ಹಾಗೇ ಅನ್ನುತ್ತಿದ್ದಾರೆ.

ಸಂಜೆ ಟೈಟಸ್ ಬಂದ. ಬಾಗಿಲಲ್ಲೇ ಟೋಪಿ ತೆಗೆದು ನಿಂತ. "ಒಲೆ ಇನ್ನು ನಾನು ನೋಡ್ಕೊಳ್ತೀನಿ. ಬೋಧಕರು ಮಸಿ ಮೆತ್ಕೊಂಡು ಪ್ರಸಂಗಕ್ಕೆ ನಿಂತ್ರೆ ಚೆನ್ನಾಗಿರಲ್ಲ. ಕೀಲಿಕೈ ಕೊಡಿ."

ಕೊಡಿ! ಹೋದ ತಿಂಗಳು ಪಕ್ಕೆಗೆ ತಿವಿದವನು. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಕೀಲಿಕೈ ಕೊಟ್ಟೆ. ಅವನು ಹೋದ ಮೇಲೂ ಜೇಬಿಗೆ ಕೈ ಹೋಗುತ್ತಲೇ ಇತ್ತು.

ಮಾರ್ಚ್ 1, ಭಾನುವಾರ

ಪಕ್ಕದ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ, ಕಿವಿ ಕೊಟ್ಟು ಫ್ಯಾರಿಸಣ್ಣ ಕೂತಿದ್ದ ಅದೇ ಕುರ್ಚಿ. ಇವತ್ತು ನನ್ನ ಮೊದಲ ಪ್ರಸಂಗ. ಹೊರಗೆ ಹಾಡು ಶುರುವಾಗಿದೆ.

ಬೆಳಗ್ಗೆ ಬೇಗ ಬಂದೆವು. ಕಾಲುಗಳು ತಾವೇ ನೆಲಮಾಳಿಗೆಗೆ ಇಳಿದವು. ಬೀಗ. ಅಲ್ಲೇ ಮೆಟ್ಟಿಲ ಮೇಲೆ ಕೂತೆ. ವರ್ನಾ ಹುಡುಕಿಕೊಂಡು ಬಂದು ಮೇಲಿನ ಮೆಟ್ಟಿಲಲ್ಲಿ ನಿಂತಳು. ಕೈಯೆಲ್ಲ ಹಿಮ, ರೋಡಾಳ ಹತ್ತಿರ ಹೋಗಿದ್ದಳು ಅಂತ ಗೊತ್ತಾಯಿತು.

"ನಿನ್ನ ಹೆಸರು ನಾನೇ ಹೇಳಿದ್ದು, ಎಲ್ವಿನ್."

ಹೇಳಬಾರದು ಅದನ್ನು, ನಿಯಮ ಇದೆ ಅಂದೆ. ಮೂರ್ಖ. ಮೊದಲು ಬಾಯಿಗೆ ಬಂದದ್ದು ನಿಯಮ.

"ರೋಡಾನ ಇಲ್ಲಿ ಬಿಟ್ಟು ಹೇಗೆ ಬರ್ಲಿ ನಾನು? ಹೋದ್ರೆ ಅವಳ ಕಲ್ಲಿನ ಹಿಮ ಯಾರು ಒರೆಸ್ತಾರೆ? ದೇವರಿಗೆ ಬೇಕಿದ್ರೆ ನಾವು ಹೋಗೋದನ್ನ ತಡೀಲಿ ಅಂತ ನಿನ್ನ ಹೆಸರು ಹೇಳ್ದೆ. ಚೀಟಿ ನಿಂಗೇ ಬರುತ್ತೆ ಅಂತ ಗೊತ್ತಿರ್ಲಿಲ್ಲ."

ನನಗೇ ಹೇಳಬಹುದಿತ್ತಲ್ಲ ಅಂದೆ. ಕೂಗಿದೆನೋ ಏನೋ, ಮೇಲೆ ಯಾರೋ ನಡೆಯುತ್ತಿದ್ದದ್ದು ನಿಂತಿತು.

"ಅಲ್ಲಿ ಒಬ್ರು ಕಿವಿ ಕೊಟ್ಟು ಕೂತಿದ್ರು," ಅಂದಳು ಮೆಲ್ಲಗೆ. "ನೀನು ಯಾವತ್ತು ಕೇಳಿದ್ದೆ?"

ಆ ಆಲೂಗಡ್ಡೆಯ ದಿನ ನೆನಪಾಯಿತು. ನಾನು ಹೇಳಿದ್ದೆ. ಕೇಳಿರಲಿಲ್ಲ. ನನಗೆ ಇಲ್ಲ ಅನ್ನಲು ಬಾಯಿ ಬರಲ್ಲ ಅಂತ ಇಷ್ಟು ವರ್ಷ ಗೋಳಾಡಿದೆ. ಅವಳಿಗೂ ಬರುತ್ತಿರಲಿಲ್ಲ, ಒಂದೇ ಮನೆಯಲ್ಲಿ, ಒಂದೇ ಮೇಜಿನ ಆಚೆ ಕಡೆ.

ಸಿಟ್ಟು ಬರುತ್ತಿದೆ. ಯಾರ ಮೇಲೆ ಅಂತ ತಿಳಿಯುತ್ತಿಲ್ಲ. ಇನ್ನು ಸಾಯುವವರೆಗೆ ಇಲ್ಲೇ. ಅವಳೂ ಇಲ್ಲೇ. ಅವಳಿಗೆ ಬೇಕಾದದ್ದೂ ಇದೇ, ಆದರೂ ಅಳುತ್ತಿದ್ದಳು. ಅವಳನ್ನು ದಾಟಿ ಮೇಲೆ ಬಂದುಬಿಟ್ಟೆ. ಇನ್ನೂ ಆ ಮೆಟ್ಟಿಲಲ್ಲೇ ಇದ್ದಾಳೇನೋ.

ಹಾಡಿನ ಕೊನೆಯ ಚರಣ. ಫ್ಯಾರಿಸಣ್ಣ ಬಾಗಿಲು ತಟ್ಟುತ್ತಿದ್ದಾರೆ. ಎರಡು ನಿಮಿಷ ಕೊಡಿ ಅನ್ನಬೇಕು. ಕೆಳಗೆ ಹೋಗಿ ವರ್ನಾಳನ್ನು ಒಂದು ಮಾತು ಕೇಳಿ ಬರುತ್ತೇನೆ ಅಂತ. ಅನ್ನಬೇಕು ಈಗಲೇ. ಬಾಯಿ —