ಸಪಾಟಾದ ಕಾವಲಿ

ಮಯೂರ್ ವಿಹಾರ್, ದೆಹಲಿ

ಸೌಭಾಗ್ಯವತಿ ವಿಶಾಲುಗೆ,

ವಿಷಯ: ಹಾಸನದಿಂದ ದೋಸೆ ಕಾವಲಿ ತರುವ ಕುರಿತು.

ಫೋನಿನಲ್ಲಿ ಹೇಳಿದರೆ ನೀನು ನಡುನಡುವೆ ಪ್ರಶ್ನೆ ಕೇಳುತ್ತೀಯೆಂದು ಪತ್ರ ಬರೆಯುತ್ತಿದ್ದೇನೆ. ಅತ್ತೆಯವರ ಮುಂದೆ ಇದನ್ನು ಗಟ್ಟಿಯಾಗಿ ಓದಬೇಡ.

ಕಣ್ಣಿನ ಆಪರೇಷನ್ ಆದಮೇಲೆ ನಮ್ಮ ಟಾರ್ಚಿನ ಬಿಳಿ ಬೆಳಕು ಚುಚ್ಚುತ್ತದೆ ಎಂದಿದ್ದೆಯಲ್ಲ. ಅದರ ನಾಲ್ಕೂ ಎಲ್‌ಇಡಿ ಕಿತ್ತು ಹಳದಿ ಬೆಳಕಿನವನ್ನು ಹಾಕಿದ್ದೇನೆ. ಅವು ಕೂತಿರುವ ಬಿಲ್ಲೆಯನ್ನು ಕೆಳಗಿನಿಂದ ಸಮನಾಗಿ ಕಾಯಿಸಿದರೆ ಬೆಸುಗೆ ತಾನೇ ಕರಗುತ್ತದೆ. ಎಲ್‌ಇಡಿ ಮಾರಿದ ಅಂಗಡಿಯ ಭಯ್ಯಾ, ‘ಅಂಕಲ್‌ಜೀ, ಘರ್ ಕಾ ತವಾ ಚಲೇಗಾ’ ಎಂದ, ಕಾಯಿಸಲು ಮನೆಯ ತವಾನೇ ಸಾಕಂತೆ. ಚಪಾತಿ ತವಾದ ನಡುವೆ ಗುಳಿ, ಬಿಲ್ಲೆ ಕೂರಲಿಲ್ಲ. ಇಡೀ ಮನೆಯಲ್ಲಿ ಸಪಾಟಾಗಿರುವುದು ಅತ್ತೆಯವರು ನಿನಗೆ ಕೊಟ್ಟ ಕಾವಲಿ ಒಂದೇ.

ಕರಗಿದ ಬೆಸುಗೆ ಅದರ ಮೇಲೆಲ್ಲ ಹರಿಯಿತು. ಈ ಬೆಸುಗೆಯಲ್ಲಿ ಸೀಸವಿದೆಯಂತೆ, ಇನ್ನು ಅಡುಗೆಗೆ ಬಳಸಬಾರದಂತೆ. ಉಜ್ಜಿದರೆ ಹೋದೀತೆಂದು ತಂತಿ ಬ್ರಷ್ಷು ತೆಗೆದುಕೊಂಡೆ. ನಲವತ್ತು ವರ್ಷ ಎಣ್ಣೆ ಕುಡಿದ ಕಪ್ಪು ಪೂರ್ತಿ ಹೋಯಿತು. ಸೀಸ ಹೋಯಿತೋ ಇಲ್ಲವೋ ಖಚಿತವಾಗಿ ಹೇಳಲಾರೆ.

ಆದ್ದರಿಂದ ಬರುವಾಗ ಒಂದು ಹೊಸ ಕಾವಲಿ ಕೊಂಡು ತರಬೇಕು. ಭಾರವೆಂದು ಯೋಚಿಸಬೇಡ, ಸ್ಟೇಷನ್ನಿಗೆ ನಾನೇ ಬಂದು ಹೊರುತ್ತೇನೆ. ಅದನ್ನು ಪಳಗಿಸುವ ಕೆಲಸವೂ ನನ್ನದೇ. ದಿನಾ ಎಣ್ಣೆ ಸವರಿ ಈರುಳ್ಳಿ ಉಜ್ಜುತ್ತೇನೆ.

ಟಾರ್ಚು ಮಾತ್ರ ಬಹಳ ಚೆನ್ನಾಗಿ ಬಂದಿದೆ. ಕಣ್ಣಿಗೆ ಹಿತವಾದ ಬೆಳಕು. ಬಣ್ಣ ಥೇಟ್ ನೀನು ಹುಯ್ಯುತ್ತಿದ್ದ ದೋಸೆಯದೇ.

ಇತಿ,
ಸದ್ಯಕ್ಕೆ ಚಪಾತಿ ತಿನ್ನುತ್ತಿರುವ
ಶ್ರೀಕಂಠಯ್ಯ
ನಿವೃತ್ತ ಸೆಕ್ಷನ್ ಆಫೀಸರ್