ನನ್ನ ಬಾಯಿಯ ಹುಣ್ಣೂ ಗಣಪಿಯ ಮೇಲಿನ ನಂಬರೂ

ರೋಗಗಳಿಗೆ ನಂಬರು ಹಚ್ಚುವ ಇಲಾಖೆಯ ದೊಡ್ಡ ಸಾಹೇಬರಿಗೆ,

ಮಾನ್ಯರೇ, ನನ್ನ ಬಾಯಿ ಸುಟ್ಟದ್ದು ಸುಣ್ಣ, ನನ್ನ ಹೆಂಡತಿಯಲ್ಲ. ನಿಮ್ಮ ಕಂಪ್ಯೂಟರು ಹೆಂಡತಿ ಎನ್ನುತ್ತದೆ. ಮೊದಲು ಅದನ್ನು ತಿದ್ದಿಸಿ, ಆಮೇಲೆ ಬೇಕಾದರೆ ಈ ಪತ್ರ ಪೂರ್ತಿ ಓದಿ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಸಾಹೇಬರಿಗೆ ಬರೆಯುವ ಕ್ರಮ ಗೊತ್ತಿಲ್ಲ, ಸಿಟ್ಟು ಮಾತ್ರ ಚೆನ್ನಾಗಿ ಗೊತ್ತು.

ನಮ್ಮ ಬಾಡ ಊರಿನಲ್ಲಿ ಊಟದ ಮೇಲೆ ಕವಳ, ಅಂದರೆ ಎಲೆಯಡಿಕೆ, ಹಾಕದೆ ಎದ್ದವನನ್ನು ಉಂಡವರ ಸಾಲಿಗೆ ಸೇರಿಸುವುದಿಲ್ಲ. ಎಲೆಗೆ ಹಚ್ಚಲು ಅಘನಾಶಿನಿ ಹೊಳೆಯ ಬೆಳಚಿನ ಚಿಪ್ಪು ಸುಟ್ಟು ಮಾಡಿದ ಸುಣ್ಣವೇ ಆಗಬೇಕು. ಅದನ್ನು ನೀರು ಹಾಕಿ ಗಡಿಗೆಯಲ್ಲಿಟ್ಟು, ಅದರ ಸೊಕ್ಕು ಇಳಿಯುವ ತನಕ ಮುಟ್ಟಬಾರದು. "ಸುಣ್ಣ ಇನ್ನೂ ಹದ ಆಗ್ಲಿಲ್ಲ, ತಡೀರಿ" ಅಂದಳು ಆ ದಿನ ಹೆಂಡತಿ ಗಣಪಿ. "ಹಚ್ಚು ಅಂದ್ರೆ ಹಚ್ಚು" ಅಂದೆ. ಹಚ್ಚಿದಳು. ಬಾಯೊಳಗಿನ ಚರ್ಮ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಎದ್ದಿತು.

ಆಸ್ಪತ್ರೆಯ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಔಷಧ ಬರೆದು, ಕವಳ ಬಿಡಿ ಎಂದು ಬೈದರು. ಅದು ಅವರಿಗೂ ನನಗೂ ಇರುವ ಜಗಳ, ನೀವು ನಡುವೆ ಬರಬೇಡಿ. ನಿಮ್ಮ ಪಾಲು ಶುರುವಾದದ್ದು ಹೊರಗಿನ ಕಂಪ್ಯೂಟರಿನ ಎದುರು. ರೋಗಕ್ಕೆ ನಂಬರು ಹಾಕದೆ ಚೀಟಿ ಬರುವುದಿಲ್ಲ ಎಂದಳು ಅಲ್ಲಿ ಕೂತಿದ್ದ ಪೂರ್ಣಿಮಾ ಎಂಬ ಹುಡುಗಿ.

"ಬಾಯಿ ಹುಣ್ಣು ಅಂತ ಹಾಕು ತಂಗೀ."

"ಕಾರಣ ಗೊತ್ತಿಲ್ದಿದ್ರೆ ಹಾಗೆ ಹಾಕ್ಬಹುದಿತ್ತು ಅಜ್ಜಾ. ನಿಮ್ದು ಸುಣ್ಣದಿಂದ ಸುಟ್ಟದ್ದು ಅಂತ ಡಾಕ್ಟ್ರೇ ಬರ್ದಿದ್ರು. ಅದ್ಕೆ ಬೇರೆ ನಂಬರು. ಯಾರು ಮಾಡಿದ್ದು ಅಂತ್ಲೂ ಕೇಳ್ತದೆ."

"ಯಾರು ಕೇಳೂದು?"

"ಕಂಪ್ಯೂಟರು. ನೀವೇ ಹಾಕ್ಕಂಡದ್ದಾ, ಬೇರೆಯವ್ರು ಕೊಟ್ಟದ್ದಾ?"

"ನಾ ಯಾವಾಗ ಕವಳ ಕಟ್ಕಂಡಿದ್ದೆ? ಹೆಂಡ್ತಿ ಕೊಟ್ಟದ್ದು!"

ಒತ್ತಿದಳು. ಚೀಟಿ ಬಂತು. ಅದರ ಹಿಂದೆ ಪೊಲೀಸರೂ ಬಂದರು. ಏಕೆಂದರೆ ಮಾನ್ಯರೇ, ನಮ್ಮ ಸಂಸಾರಕ್ಕೆ ಸಿಕ್ಕಿದ ನಂಬರಿನ ಅರ್ಥ, ಸುಡುವ ವಸ್ತುವಿನಿಂದ ಇನ್ನೊಬ್ಬರು ಮಾಡಿದ ಹಲ್ಲೆ!

ಪೊಲೀಸ್ ಮಹಾಬಲ ಸುಣ್ಣದ ಗಡಿಗೆ ಮೂಸಿ ನೋಡಿ, "ಅಮ್ಮಾ, ಇದ್ನ ಎಂತಕ್ಕೆ ಇಟ್ಕಂಡಿದ್ರಿ?" ಎಂದು ಕೇಳಿದ. ಗಣಪಿ ಅವನ ಕೆಂಪು ಬಾಯಿ ನೋಡಿದಳು. "ನಿನ್ನ ಬಾಯಿಗೆ ಯಾರು ಹಲ್ಲೆ ಮಾಡಿದ್ರಾ ತಮಾ?" ಎಂದಳು. ಅವನು ನಗುತ್ತ ಹೋದ.

ಪೊಲೀಸರದು ಮುಗಿಯಿತು, ನಂಬರಿನದು ಮುಗಿಯಲಿಲ್ಲ. ಬಂದವರ ಮುಂದೆ ಗಣಪಿ ಕವಳದ ಬಟ್ಟಲು ಇಟ್ಟರೆ, ಪಕ್ಕದ ಮನೆಯ ನಾಗಪತಿ, "ನಂಗೆ ಬೇಡ ಗಣಪಕ್ಕ, ನಂಬರು ಬತ್ತದೆ" ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ಮೊದಮೊದಲು ಅವಳೂ ನಕ್ಕಳು. ಈಗ ಬಟ್ಟಲನ್ನು ಹೊರಗೆ ತರುವುದೇ ಇಲ್ಲ. ನಾನು ಕೇಳಿದರೆ, "ಸರ್ಕಾರದ ಹತ್ರ ಕಟ್ಟಿಸ್ಕಣಿ. ಆ ನಂಬರು ಹೋಗೂ ತನಕ ನಾ ಎಲೆ ಮುಟ್ಟೂದಿಲ್ಲ" ಎನ್ನುತ್ತಾಳೆ.

ಆಸ್ಪತ್ರೆಗೆ ಮತ್ತೆ ಹೋದೆ. ನಾನೇ ಹಾಕಿಕೊಂಡದ್ದು ಎಂದು ಬರಿ ಅಂದೆ ಪೂರ್ಣಿಮಾಗೆ. "ಅಯ್ಯೋ ಅಜ್ಜಾ, ಅದು ಆತ್ಮಹತ್ಯೆಯ ಪ್ರಯತ್ನ ಆಗ್ತದೆ!" ಆಕಸ್ಮಿಕ ಎಂದು ಮೊದಲೇ ಹೇಳಬೇಕಿತ್ತಂತೆ. ಈಗ ತಿದ್ದುವ ಅಧಿಕಾರ ಮೇಲಿನವರಿಗೆ ಮಾತ್ರವಂತೆ. ಪಾಪ, ನಿಮ್ಮ ನಂಬರುಗಳ ಪಟ್ಟಿಯನ್ನೂ ಓದಿ ಹೇಳಿದಳು. ಮೊಸಳೆ ಕಚ್ಚಿದರೆ ಒಂದು ನಂಬರು. ಭಾರವೇ ಇಲ್ಲದ ಜಾಗದಲ್ಲಿ ಬಹಳ ಹೊತ್ತು ಇದ್ದವನಿಗೂ ಒಂದು ನಂಬರು! ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ಅಂಥವನು ಯಾರು ತೇಲಿಕೊಂಡು ಬಂದು ಚೀಟಿ ಮಾಡಿಸಿದ? ಆಕಾಶದಲ್ಲಿ ತೇಲುವವನನ್ನು ನೆನಪಿಟ್ಟ ನಿಮಗೆ, ಹೆಂಡತಿಯ ಮಾತು ಕೇಳದೆ ಬಾಯಿ ಸುಟ್ಟುಕೊಂಡವನು ಹೊಳೆಯಲಿಲ್ಲವೇ? ನಾವು ಮನೆಗೊಬ್ಬರು ಇದ್ದೇವೆ, ಸ್ವಾಮಿ! ಕಾರಣ ಗೊತ್ತಿಲ್ಲ ಎಂದು ಸುಳ್ಳು ಹೇಳಿದ್ದರೆ ನನ್ನದು ಬರೀ ಬಾಯಿಹುಣ್ಣು. ನಿಜ ಹೇಳಿದ್ದಕ್ಕೆ ಹಲ್ಲೆ. ಸುಳ್ಳಿಗೆ ಬೆಣ್ಣೆ, ನಿಜಕ್ಕೆ ಸುಣ್ಣ. ಇದು ಯಾವ ಊರಿನ ನ್ಯಾಯ?

ಇನ್ನು ಆಕಸ್ಮಿಕ ಎನ್ನಲು ನನಗೂ ಮನಸ್ಸಿಲ್ಲ. ಅವಳು ಬೇಡ ಎಂದಳು, ನಾನು ಹಚ್ಚು ಎಂದೆ. ಇದರಲ್ಲಿ ಆಕಸ್ಮಿಕ ಎಲ್ಲಿಂದ ಬಂತು? ಇದು ಹಠ. ಹಠಕ್ಕೆ ಒಂದು ನಂಬರು ಮಾಡಿ, ನನ್ನ ಹೆಸರಿಗೆ ಹಚ್ಚಿ, ಗಣಪಿಯ ಮೇಲಿನದನ್ನು ಅಳಿಸಿ. ಹೊಸ ಚೀಟಿ ನನಗೆ ಬೇಡ, ಅವಳ ಹೆಸರಿಗೇ ಕಳಿಸಿ. ಕವಳದ ಬಟ್ಟಲಿನಲ್ಲಿ ಇಡುತ್ತಾಳಂತೆ. ನಾಗಪತಿ ಮೊದಲು ಅದನ್ನು ಗಟ್ಟಿಯಾಗಿ ಓದಬೇಕು, ಆಮೇಲೆ ಎಲೆಗೆ ಕೈ ಹಾಕಬೇಕು.

ಇಂತಿ,
ಹುಣ್ಣು ಮಾಯ್ದರೂ ಬಾಯಿ ಖಾಲಿ ಇರುವ
ಸೋಮಯ್ಯ ಪಟಗಾರ, ಬಾಡ