ಮೂವತ್ತೇಳು ಒದ್ದೆ ಟವೆಲ್

8 ಜುಲೈ, ಮಂಗಳವಾರ
ಇವತ್ತೂ ಲಿಫ್ಟ್‌ನಲ್ಲೇ ತಲೆ ಬಾಚಿದ್ದು. ಒಂಬತ್ತಕ್ಕೆ ಕಂಪ್ಯೂಟರಿನಲ್ಲಿ ದೂರುಗಳ ಲೆಕ್ಕ ತೋರಿಸುವ ಡ್ಯಾಶ್‌ಬೋರ್ಡ್ ತೆರೆದೆ. ಗಲ್ಫ್‌ಗೆ ಬಂದ ನಮ್ಮ ಕಂಪನಿಯ ಕೆಲಸಗಾರರು ಇರುವ ಮುಹೈಸ್ನಾದ ಲೇಬರ್ ಕ್ಯಾಂಪ್, ಎ.ಸಿ. ದೂರು — ಆರು. ಮ್ಯಾನೇಜರ್ ಸ್ಟೇಸಿಗೆ ಖುಷಿ. ನನಗೂ. ನಾನೇ ಕಟ್ಟಿದ ಡ್ಯಾಶ್‌ಬೋರ್ಡ್, ಪ್ರೊಬೇಷನ್ ಮುಗಿಯಲು ಇನ್ನು ಹದಿನೈದೇ ದಿನ.

ಸಂಜೆ ಹಸನಬ್ಬರ ಫೋನ್. ಕ್ಯಾಂಪ್ ಸೂಪರ್‌ವೈಸರ್, ಉಪ್ಪಿನಂಗಡಿಯವರು. "ಮೇಡಂ, ನಿಮ್ಮದು ಆರು ಅಂತ ಹೇಳ್ತದೆ. ನಾನು ಎಣಿಸಿದ್ದು ಮೂವತ್ತೇಳು ಟವೆಲ್ ಮಾರಾಯ್ರೆ."

ಎ.ಸಿ. ಕೆಟ್ಟ ಕೋಣೆಯವರು ಬಾಗಿಲಿಗೆ ಒದ್ದೆ ಟವೆಲ್ ತೂಗುಹಾಕುತ್ತಾರಂತೆ, ಗಾಳಿ ಸ್ವಲ್ಪ ತಣ್ಣಗಾಗಲಿ ಅಂತ. ಇವರು ದಿನಾ ಕಾರಿಡಾರ್ ಸುತ್ತಿ ಅದನ್ನೇ ಎಣಿಸುತ್ತಾರೆ. ಟವೆಲ್ ನೋಡಿ ನನ್ನ ಲೆಕ್ಕ ತಪ್ಪು ಅನ್ನುವುದೆ? ಸಿಟ್ಟು ಬಂತು. "ನೋಡ್ತೀನ್ರೀ" ಅಂದು ಫೋನ್ ಇಟ್ಟೆ.

9 ಜುಲೈ, ಬೆಳಿಗ್ಗೆ 11
ಫಿಲ್ಟರ್‌ನಲ್ಲಿ 'ವೇಟಿಂಗ್ ಫಾರ್ ಪಾರ್ಟ್ಸ್' ಒತ್ತಿದೆ. ಆರು. 'ಕ್ಲೋಸ್ಡ್' ಒತ್ತಿದೆ. ಅದೂ ಆರು! ಒಳಗಿನ ಫಾರ್ಮುಲಾ ಬಿಚ್ಚಿ ನೋಡಿದೆ.

ಫಾರ್ಮುಲಾದೊಳಗೆ 'ಸ್ಟೇಟಸ್ = ಓಪನ್' ಅಂತ ನಾನೇ ಬರೆದು ಕೂರಿಸಿದ್ದೆ. ಮೇಲೆ ಯಾರು ಯಾವ ಸ್ಟೇಟಸ್ ಆರಿಸಿದರೂ ಅದನ್ನು ತಳ್ಳಿಹಾಕಿ ತನ್ನದನ್ನೇ ಹಿಡಿಯುತ್ತದೆ. ಕೆಳಗಿನ ಕೆಫೆಟೇರಿಯಾದವನ ಹಾಗೆ, ಏನು ಕೇಳಿದರೂ ಕರಕ್ ಚಾಯ್. ಓಪನ್ ಅಂದರೆ ಟೆಕ್ನಿಷಿಯನ್ ಇನ್ನೂ ನೋಡದ ದೂರು, ಆರು. ನೋಡಿ ಆಗಿ ಬಿಡಿಭಾಗಕ್ಕೆ ಕಾಯುತ್ತಿರುವವು ಮೂವತ್ತೊಂದು. ಸ್ಟೋರ್‌ನವರು 'ವೇಟಿಂಗ್' ಆರಿಸಿ, ಆರು ಕಂಡು, ಆರಕ್ಕೇ ಭಾಗ ತರಿಸಿದ್ದಾರೆ.

ಆರೂ ಮೂವತ್ತೊಂದೂ ಮೂವತ್ತೇಳು. ಟವೆಲ್ ಸರಿ, ನಾನು ತಪ್ಪು.

ಹಸನಬ್ಬರಿಗೆ ಫೋನ್ ಮಾಡಿದೆ. "214ರಲ್ಲಿ ಶೀನಪ್ಪಣ್ಣ ಅಂತ ಇದ್ದಾರೆ, ಪೈಪ್ ಫಿಟ್ಟರ್. ಬಿ.ಪಿ. ಬೇರೆ ಉಂಟು. ಒಂಬತ್ತು ದಿನದಿಂದ ಸರಿಯಾಗಿ ನಿದ್ದೆ ಇಲ್ಲ, ಮೊನ್ನೆ ಸೈಟಲ್ಲಿ ತಲೆ ತಿರುಗಿ ಬಿದ್ದರು."

"ಮ್ಯಾಲಿನವರಿಗೆ ಹೇಳಬೇಕಿತ್ತಲ್ರೀ!"

"ಈಗ ಹೇಗೂ ಹೇಳುವುದೇ. ಮೊದಲು ನಿಮಗೆ ಹೇಳುವ ಅಂತ... ನಿಮ್ಮ ಕೆಲಸ ಹೊಸತಲ್ವಾ?"

ನಾನು ಸಿಟ್ಟು ಮಾಡಿಕೊಂಡಿದ್ದು ಇಂಥವರ ಮೇಲೆ. ಬಾತ್‌ರೂಮಿಗೆ ಹೋಗಿ ಅತ್ತೆ.

ಅದೇ ದಿನ, 4 ಗಂಟೆ
ಗಡಿಬಿಡಿಯಲ್ಲಿ, ಆರಿಸಿದ್ದನ್ನೂ ಒಳಗಿನ ಷರತ್ತನ್ನೂ ಎರಡನ್ನೂ ಹಿಡಿಯುವಂತೆ ಬದಲಿಸಿದೆ. 'ವೇಟಿಂಗ್' ಒತ್ತಿದರೆ — ಖಾಲಿ. ಹೌದಲ್ಲ, ಒಂದೇ ದೂರು ಓಪನ್ನೂ ವೇಟಿಂಗೂ ಆಗುವುದು ಹೇಗೆ? ಪೆದ್ದಿ.

ಹಿಂದಿನಿಂದ ಸ್ಟೇಸಿ: "ಅರೆ ವಾ, ಎಲ್ಲ ಖಲಾಸ್ ಆಯ್ತಾ?"

ಇನ್ನು ತಡೆಯಲಾಗಲಿಲ್ಲ. ಟವೆಲ್‌ನಿಂದ ಹಿಡಿದು ಎಲ್ಲ ಹೇಳಿಬಿಟ್ಟೆ. ಅವಳು ಕುರ್ಚಿ ಎಳೆದು ಪಕ್ಕದಲ್ಲೇ ಕೂತಳು. "ಪ್ರೊಬೇಷನ್ ಮಾತು ಆಮೇಲೆ. ಮೂವತ್ತೊಂದರ ಲಿಸ್ಟ್ ಕೊಡು. ಯಲ್ಲಾ, ಬೇಗ!"

ಒಳಗಿನ ಷರತ್ತನ್ನೇ ತೆಗೆದೆ. ಈಗ ಆರಿಸಿದ್ದೇ ಬರುತ್ತದೆ. ಲಿಸ್ಟ್ ಹೋಯಿತು, ಮೊದಲ ಸಾಲು 214. ಬೈಗುಳ ತಿನ್ನದ ಸಮಾಧಾನಕ್ಕಿಂತ, ಮುಚ್ಚಿಡದ ಸಮಾಧಾನ ದೊಡ್ಡದು.

17 ಜುಲೈ
ಏಳು ದಿನ ಬರೆಯಲಿಲ್ಲ. ಓಪನ್ನೂ ವೇಟಿಂಗೂ ಸೇರಿ ಮೂವತ್ತೇಳು, ಹದಿನೆಂಟು, ಐದು... ಇವತ್ತು ಸೊನ್ನೆ. ಸೊನ್ನೆಯನ್ನು ನಂಬುವ ಧೈರ್ಯವಿಲ್ಲ. ನೋಡಿಯೇ ಬರಬೇಕು.

18 ಜುಲೈ, ಶುಕ್ರವಾರ, ಮಧ್ಯಾಹ್ನ 3. ಕ್ಯಾಂಪ್ ಆಫೀಸ್
ನಮಾಜ್ ಮುಗಿಸಿ ಹಸನಬ್ಬ ಕಾರಿಡಾರ್ ತೋರಿಸಿದರು. ಬಾಗಿಲುಗಳೆಲ್ಲ ಬೋಳು. ಒಂದೊಂದು ದಾಟಿದಾಗಲೂ ಮನಸ್ಸಿನಲ್ಲೇ ಅವರಿಗೊಂದು ಥ್ಯಾಂಕ್ಸ್.

214. ಟವೆಲ್ ಇನ್ನೂ ಅಲ್ಲೇ! ಮುಟ್ಟಿ ನೋಡಿದೆ... ಗರಿಗರಿಯಾಗಿ ಒಣಗಿತ್ತು. ಹಸನಬ್ಬ ನಗುತ್ತಾ ಬಾಗಿಲನ್ನು ಒಂದಿಷ್ಟೇ ತೆರೆದರು. ತಣ್ಣನೆ ಗಾಳಿ. ಒಳಗೆ ಶೀನಪ್ಪ, ಈ ಜುಲೈ ಮಧ್ಯಾಹ್ನದ ಉರಿಯಲ್ಲಿ, ಕಂಬಳಿಯನ್ನು ಗಲ್ಲದ ತನಕ ಎಳೆದುಕೊಂಡು ಗೊರಕೆ ಹೊಡೆಯುತ್ತಿದ್ದರು.